ಸವೆಯಬಾರದ ರೀಲು

ಆ ಮನೆಯಲ್ಲಿ ಮನುಷ್ಯರಿಗಿಂತ ದನಿಗಳೇ ಹೆಚ್ಚು ವಾಸವಾಗಿದ್ದವು. ನಡುಮನೆಯ ಗೋಡೆಗಳಿಗೆಲ್ಲ ನೆಲದಿಂದ ಸೂರಿನವರೆಗೆ ಕಪಾಟುಗಳು. ಅವುಗಳಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತ ಗ್ರಾಮಫೋನ್ ರೆಕಾರ್ಡುಗಳು, ಇಟ್ಟಿಗೆ ಪೇರಿಸಿದಂತೆ ಕ್ಯಾಸೆಟ್ಟುಗಳು, ಒಳಕೋಣೆಯಲ್ಲಿ ತಗಡಿನ ಡಬ್ಬಗಳೊಳಗೆ ಸುರುಳಿ ಸುತ್ತಿಕೊಂಡು ಮಲಗಿದ ಟೇಪಿನ ರೀಲುಗಳು. ಹಾಡಿದವರು, ಭಾಷಣ ಬಿಗಿದವರು, ನಾಟಕದಲ್ಲಿ ಬಿಕ್ಕಿ ಬಿಕ್ಕಿ ಅತ್ತವರು, ಎಲ್ಲರೂ ಅಲ್ಲಿದ್ದರು. ಬಹುಪಾಲು ಜನ ಯಾವತ್ತೋ ತೀರಿಹೋಗಿದ್ದರು. ಅಷ್ಟೂ ಜನರ ಕಾವಲಿಗೆ ಒಬ್ಬರೇ ಒಬ್ಬ ಮುದುಕರು. ತಮ್ಮ ಕೆಮ್ಮಿಗೆ ಎಲ್ಲಿ ಯಾರಿಗಾದರೂ ಎಚ್ಚರವಾದೀತೋ ಎಂಬಂತೆ ಬಾಯಿಗೆ ಅಂಗೈ ಒತ್ತಿಕೊಂಡು ಕೆಮ್ಮುತ್ತಿದ್ದರು.

ರೇಡಿಯೋ ನಿಲಯದಲ್ಲಿ ಧ್ವನಿಮುದ್ರಣ ಮಾಡುತ್ತ ಹಣ್ಣಾದ ಜೀವ ಅದು. ಯಾರು ಬಾಯಿ ತೆರೆದರೂ 'ಶ್ಶ್' ಎನ್ನುವ ಅಭ್ಯಾಸದಿಂದ ಅಲ್ಲಿನವರು ಅವರಿಗೆ ಶ್ಶಪ್ಪ ಎಂದೇ ಹೆಸರಿಟ್ಟಿದ್ದರು. ಈಗ ಎರಡೂ ಕಣ್ಣಿಗೆ ಪೊರೆ ಕವಿದು, ಎದುರಿಗಿರುವುದು ಕಿಟಕಿಯೋ ಬಾಗಿಲೋ ಎಂದು ತಡವಿ ತಿಳಿಯಬೇಕಾಗಿತ್ತು. ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮಗಳು ತನ್ನ ಮನೆಯಲ್ಲಿ ಅವರಿಗೊಂದು ಕೋಣೆ ಬಿಡಿಸಿಟ್ಟಿದ್ದಳು. ಆ ಕೋಣೆಯಲ್ಲಿ ಮಂಚ, ಒಂದು ಕುರ್ಚಿ ಹಿಡಿಸುತ್ತಿದ್ದವು. ದನಿಗಳಿಗೆ ಜಾಗವಿರಲಿಲ್ಲ.

ರೆಕಾರ್ಡುಗಳನ್ನು ಕೊಳ್ಳಲು ಹಳೆಯ ಸಾಮಾನಿನ ವ್ಯಾಪಾರಿ ಬಂದಿದ್ದ. ಕವರಿನಿಂದ ಒಂದನ್ನು ಈಚೆಗೆಳೆದು, ಓರೆಯಾಗಿ ಹಿಡಿದು ನೋಡಿ ಬೆರಗಾದ.

"ಸಾರ್, ಇದನ್ನ ಒಂದ್ಸಲನಾದ್ರೂ ಹಾಕಿದೀರಾ? ಒಂದು ಗೀರಿಲ್ಲ."

"ಹಾಕೋದಕ್ಕೆ ತಗೊಂಡಿದ್ದಲ್ಲ."

"ಮತ್ತೆ ಯಾಕೆ ತಗೊಂಡ್ರಿ?"

"ಇರಲಿ ಅಂತ."

"ನನ್ನ ಹೆಂಡ್ತಿನೂ ಹೀಗೇ ಸಾರ್. ಒಳ್ಳೇ ತಟ್ಟೆ ಎಲ್ಲ ನೆಂಟರಿಗೆ ಅಂತಾಳೆ. ನೆಂಟರು ಬಂದ್ರೆ ಅವರಿಗೂ ಕೊಡಲ್ಲ."

ಮಗಳು ನಕ್ಕಳು. ಅಪ್ಪ ನಗಲಿಲ್ಲ. ರೆಕಾರ್ಡುಗಳು ಹೋದವು, ಕ್ಯಾಸೆಟ್ಟುಗಳು ಹೋದವು, ಗೋಡೆಗಳು ಬಟ್ಟೆ ಕಳಚಿದವರಂತೆ ಮುಜುಗರದಿಂದ ನಿಂತವು. ಉಳಿದದ್ದು ರೀಲುಗಳು. ಅವನ್ನು ಸಂಗೀತ ಕಾಲೇಜಿನ ಸಂಗ್ರಹಾಲಯಕ್ಕೆ ಕೊಡುವುದೆಂದು ಅಪ್ಪ ತೀರ್ಮಾನಿಸಿದ್ದರು. ಅಲ್ಲಿ ಬೇಸಿಗೆಯಲ್ಲೂ ತಣ್ಣಗಿರುವ ಕೋಣೆಯಿತ್ತು. ಅಪ್ಪನದು ಒಂದೇ ಷರತ್ತು: ಮೂಲ ಟೇಪನ್ನು ಯಾರೂ ಯಂತ್ರಕ್ಕೆ ಹಾಕಕೂಡದು. ಹಾಕಿದಷ್ಟೂ ಸವೆಯುತ್ತದೆ.

ಮಾತಾಡಲು ಬಂದಿದ್ದ ಸಂಗ್ರಹಾಲಯದ ಹೆಂಗಸು, "ನಮ್ಮಲ್ಲಿ ಕೇಳೋಕೆ ಬರೋರೇ ಇಲ್ಲ ಸಾರ್, ಸವೆಯೋ ಮಾತೆಲ್ಲಿ ಬಂತು?" ಎಂದು ಒಪ್ಪಿಕೊಂಡು ಹೋಗಿದ್ದಳು.

ಆ ರೀಲುಗಳ ನಡುವೆ ಒಂದು, ನೀಲಿ ಡಬ್ಬದ್ದು, ಅಮ್ಮನದು.

ಅಮ್ಮ ಹಾಡುವವಳಲ್ಲ. ಎದೆಯ ಕಾಯಿಲೆ ಹಿಡಿದು ಇನ್ನು ಉಳಿಯುವುದಿಲ್ಲ ಎಂದು ಗೊತ್ತಾದಾಗ ತೊಟ್ಟಿಲಲ್ಲಿದ್ದ ಮಗಳಿಗಾಗಿ ಒಂದು ಕಥೆ ಹೇಳಿಟ್ಟಿದ್ದಳು. ಅವಳು ಹೋದಾಗ ಮಗಳಿಗೆ ಹಲ್ಲು ಕೂಡ ಮೂಡಿರಲಿಲ್ಲ. ಸಾಕಿದವಳು ಸೋದರತ್ತೆ. "ನಿಮ್ಮಮ್ಮನ ದನಿನಾ? ಥೇಟ್ ನಿಂದೇ ಕಣೇ" ಎಂದು ಒಂದು ದಿನ ಹೇಳಿದರೆ, ಇನ್ನೊಂದು ದಿನ "ಅಯ್ಯೋ, ನಿಂದು ತಗಡು, ಅವಳದು ಬೆಣ್ಣೆ" ಎನ್ನುತ್ತಿದ್ದಳು. ಹುಡುಗಿ ಹಾಸಿಗೆಯಲ್ಲಿ ಮಲಗಿ ತನ್ನ ದನಿಯನ್ನೇ ತಗ್ಗಿಸಿ, ಏರಿಸಿ, ಯಾವುದು ಅಮ್ಮನಾಗಿರಬಹುದು ಎಂದು ಹುಡುಕುತ್ತಿದ್ದಳು.

ಕೇಳಿದಾಗಲೆಲ್ಲ ಅಪ್ಪನದು ಒಂದೊಂದು ಸಬೂಬು. ದೊಡ್ಡವಳಾಗು. ನಿನ್ನ ಮದುವೆ ಆಗಲಿ. ನಕಲು ತೆಗೆಯೋಕೆ ಒಳ್ಳೇ ಯಂತ್ರ ಬರಲಿ. ಒಳ್ಳೆಯ ಯಂತ್ರಗಳು ಬಂದವು, ಹಳತಾದವು, ಗುಜರಿಗೆ ಹೋದವು. ನಕಲು ತೆಗೆಯಬೇಕಾದರೂ ಮೂಲವನ್ನು ಒಮ್ಮೆ ಹಾಕಲೇಬೇಕಲ್ಲ, ಆ ಒಮ್ಮೆಗೆ ಅಪ್ಪನ ಮನಸ್ಸು ಬಗ್ಗಲಿಲ್ಲ. ಮಗಳ ತಲೆಯಲ್ಲಿ ಬಿಳಿಕೂದಲು ಕಾಣಿಸಿಕೊಂಡವು. ಅಮ್ಮ ಮಾತ್ರ ನೀಲಿ ಡಬ್ಬದಲ್ಲಿ, ಇವಳಿಗಿಂತ ಎಷ್ಟೋ ಚಿಕ್ಕವಳಾಗಿ, ಬಾಯಿ ಮುಚ್ಚಿಕೊಂಡೇ ಇದ್ದಳು.

"ಇದೂ ಹೋಗುತ್ತಾ ಅಲ್ಲಿಗೆ?" ಎಂದು ಮಗಳು ಡಬ್ಬವನ್ನು ಎದೆಗೊತ್ತಿಕೊಂಡು ಕೇಳಿದಳು.

"ತಣ್ಣನೆ ಕೋಣೆ ಇದಕ್ಕೇ ಮೊದಲು ಬೇಕು."

"ಸರಿ ಅಪ್ಪ. ಹೋಗೋ ಮುಂಚೆ ಒಂದ್ಸಲ ಹಾಕಿ. ಇಲ್ಲಾಂದ್ರೆ ಒಂದು ಡಬ್ಬನೂ ನಾನು ಕಟ್ಟಲ್ಲ. ನೀವುಂಟು, ನಿಮ್ಮ ರೀಲುಂಟು. ತಡವ್ಕೊಂಡು ಕಟ್ಕೊಳ್ಳಿ."

ಅಪ್ಪ ಕೈಚಾಚಿ ಡಬ್ಬದ ಮುಚ್ಚಳವನ್ನು ಸವರಿದರು. ಆಮೇಲೆ, ಹಲ್ಲು ಕೀಳಿಸಿಕೊಳ್ಳಲು ಒಪ್ಪಿದವರಂತೆ, "ಒಂದೇ ಸಲ" ಎಂದರು.

ಯಂತ್ರಕ್ಕೆ ಹಾಕಿ ಗುಂಡಿ ಒತ್ತಿದ ಕೂಡಲೇ ಟೇಪು ಕಿರ್ರೆಂದು ಚೀರಿತು. ಅಪ್ಪ ತಟ್ಟನೆ ನಿಲ್ಲಿಸಿ, ಟೇಪು ಹಾದ ಜಾಗವನ್ನು ಬೆರಳಿನಿಂದ ಮುಟ್ಟಿದರು. ಬೆರಳಿಗೆ ಕಂದು ಅಂಟು ಮೆತ್ತಿಕೊಂಡಿತು.

"ತೇವ ಕುಡಿದಿದೆ. ಕಾಯಿಸಿದ್ರೆ ಸರಿಹೋಗುತ್ತೆ" ಎಂದರು. ಭಯಪಡಬೇಕಾದ ಜಾಗದಲ್ಲಿ ಅವರ ದನಿಗೆ ಹುರುಪು ಬಂದಿತ್ತು. ಇದು ಅವರ ಕಸುಬು. ಹೊಸ ಬಗೆಯ ಟೇಪಾದರೆ ಹದವಾಗಿ ಕಾಯಿಸಬೇಕು, ಅಂಟು ಒಣಗಿ ಕೆಲವು ದಿನ ಚೆನ್ನಾಗಿ ಓಡುತ್ತದೆ. ಹಳೆಯ ಬಗೆಯದಾದರೆ ಶಾಖ ತಾಕಿಸಲೇಬಾರದು, ಹುಳಿ ವಾಸನೆ ಬಿಟ್ಟು, ಸೆಟೆದು ಪುಡಿಯಾಗುತ್ತದೆ. ಕಂಡುಹಿಡಿಯುವ ಬಗೆ ಸುಲಭ. ರೀಲನ್ನು ಬೆಳಕಿಗೆ ಅಡ್ಡ ಹಿಡಿಯಬೇಕು: ಹಳೆಯದರಲ್ಲಿ ಬೆಳಕು ಹಾಯುತ್ತದೆ, ಹೊಸದರಲ್ಲಿ ಹಾಯುವುದಿಲ್ಲ.

ಅಪ್ಪ ರೀಲನ್ನು ಕಿಟಕಿಗೆ ಹಿಡಿದರು. ಪೊರೆ ಕವಿದ ಕಣ್ಣುಗಳನ್ನು ಅದರ ಅಂಚಿಗೆ ತಾಗಿಸಿದಂತೆ ತಂದು ನೋಡಿದರು.

"ಕಪ್ಪು. ಹೊಸ ಬಗೇದೇ."

ಮಗಳೂ ಬಗ್ಗಿ ನೋಡಿದಳು. "ಹೊರಗಿನ ಕೆಲವು ಸುತ್ತು ಮಾತ್ರ ಕಪ್ಪಗಿದೆ. ಒಳಗಡೆಯದೆಲ್ಲ ಬಳೆ ಥರ ಜೇನಿನ ಬಣ್ಣದಲ್ಲಿ ಹೊಳೀತಿದೆಯಲ್ಲಪ್ಪ?"

"ಅದು ರೀಲಿನ ಪ್ಲಾಸ್ಟಿಕ್ಕು."

"ಪ್ಲಾಸ್ಟಿಕ್ಕಿಗಿಂತ ಅಗಲ ಇದೆ."

"ಬಟ್ಟೆ ಕತ್ತರಿಸೋಳು ನನಗೆ ಟೇಪು ಹೇಳ್ಕೊಡ್ತೀಯಾ?"

ಇಷ್ಟು ಕಾಲ ಕಾದು ಈಗ ಕೆಣಕಿದರೆ, ಮುದುಕರು ರೀಲನ್ನು ಡಬ್ಬಕ್ಕೆ ಹಾಕಿ ಮುಚ್ಚಿಬಿಟ್ಟಾರು ಎಂಬ ಹೆದರಿಕೆ. ಆ ಹೆದರಿಕೆಯೇ ಅವಳ ಬಾಯಿ ಕಟ್ಟಿತು.

ಅಪ್ಪನ ಬಳಿ ತಾವೇ ಮಾಡಿಕೊಂಡಿದ್ದ ಮರದ ಪೆಟ್ಟಿಗೆಯಿತ್ತು. ಒಳಗೆ ಒಂದು ಬಲ್ಬು, ಪುಟ್ಟ ಫ್ಯಾನು, ಶಾಖ ತೋರಿಸುವ ಗಾಜಿನ ಕಡ್ಡಿ. ಮಾರನೆಯ ದಿನ ಬೆಳಗಿನಿಂದ ಸಂಜೆಯವರೆಗೆ ಅಮ್ಮ ಅದರೊಳಗೆ ಕಾದಳು. ಮಗಳು ಕೆಲಸಕ್ಕೆ ರಜೆ ಹಾಕಿ, ಉಳಿದ ಡಬ್ಬಗಳನ್ನು ರಟ್ಟಿನ ಪೆಟ್ಟಿಗೆಗಳಿಗೆ ತುಂಬುತ್ತ, ಗಳಿಗೆಗೊಮ್ಮೆ ಕಡ್ಡಿ ಓದಿ ಅಪ್ಪನಿಗೆ ಹೇಳುತ್ತಿದ್ದಳು. ಮನಸ್ಸು ನೆಲದ ಮೇಲಿರಲಿಲ್ಲ. ಕಥೆ ಯಾವುದಿರಬಹುದು? ಏಳು ಕೋಣೆ ದಾಟಿದರೆ ಸಿಗುವ ಹಕ್ಕಿಯದೋ, ನದಿಯನ್ನು ಮದುವೆಯಾದ ಹುಡುಗಿಯದೋ? ಅತ್ತೆ ಹೇಳಿದ ಕಥೆಗಳನ್ನೆಲ್ಲ ಒಂದೊಂದಾಗಿ ಅಮ್ಮನ ಬಾಯಿಗೆ ಹಾಕಿ ನೋಡಿದಳು. ಯಾವುದೂ ಸರಿಹೊಂದಲಿಲ್ಲ, ಏಕೆಂದರೆ ಬಾಯಿಗೆ ದನಿಯೇ ಇರಲಿಲ್ಲ.

ಸಂಜೆ ಪೆಟ್ಟಿಗೆ ತೆರೆದಾಗ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಅಪ್ಪ ನಿಂತಲ್ಲೇ ನಿಂತರು. ಅವರ ಮೂಗಿನ ಹೊಳ್ಳೆಗಳು ಮಾತ್ರ ಅಲುಗಿದವು.

"ಏನಪ್ಪಾ?"

"ಏನಿಲ್ಲ. ಆರಲಿ."

ಆರಿತು. ಮಗಳು ಮೊಬೈಲನ್ನು ಸ್ಪೀಕರಿನ ಮುಂದೆ ರೆಕಾರ್ಡಿಗೆ ಇಟ್ಟಳು. ಮೊಬೈಲಿಗೆ ಹಿಡಿದದ್ದು ದನಿಯೇ ಅಲ್ಲ ಎನ್ನುತ್ತಿದ್ದ ಅಪ್ಪ ಈಗ ಬೇಡವೆನ್ನಲಿಲ್ಲ. ಅದೇ ಅವಳಿಗೆ ಏನೋ ಎಡವಟ್ಟಾಗಿದೆ ಎಂಬ ಮೊದಲ ಸುಳಿವಾಗಬೇಕಿತ್ತು. ಅವರು ಟೇಪಿನ ತುದಿಯನ್ನು ಸಿಕ್ಕಿಸಿ, ಗುಂಡಿಯ ಮೇಲೆ ಬೆರಳಿಟ್ಟುಕೊಂಡು, ಒಂದಷ್ಟು ಹೊತ್ತು ಹಾಗೆಯೇ ಇದ್ದರು.

ಚಕ್ರ ತಿರುಗಿತು. ಈ ಸಲ ಚೀರಲಿಲ್ಲ.

ಮೊದಲು ಅಪ್ಪನ ದನಿ, ಎಳೆಯ, ಗಟ್ಟಿ ದನಿ: "ಒಂದು, ಎರಡು, ಮೂರು. ಹ್ಞೂ, ಹೇಳು."

ಆಮೇಲೆ ಒಂದು ಕೆಮ್ಮು. ಕೆಮ್ಮಿನ ಹಿಂದೆ ಒಬ್ಬ ಹೆಂಗಸು.

"ಈಗ ಹೇಳ್ಲಾ? ತಿರುಗ್ತಿದೆಯಾ ಅದು? ನೀವು ಹಾಗೆ ದುರುಗುಟ್ಟಿ ನೋಡ್ತಾ ಕೂತ್ರೆ ನಂಗೆ ಬಾಯೇ ಬರಲ್ಲಪ್ಪ." ನಗು. "ಕೂಸೇ, ಕೇಳಿಸ್ತಿದೆಯಾ? ಒಂದೂರಲ್ಲಿ ಒಬ್ಬ ಅಜ್ಜಿ ಇದ್ದಳಂತೆ. ಆ ಅಜ್ಜಿಗೆ"

ಟಪ್ಪೆಂದಿತು. ಟೇಪಿನ ತುದಿ ಗಾಳಿಯಲ್ಲಿ ಪಟಪಟ ಬಡಿದುಕೊಂಡಿತು.

ಅಪ್ಪ ತುಂಡಾದ ತುದಿಗಳನ್ನು ಜೋಡಿಸಲು ಹೋದರು. ಕೈಗೆ ಬಂದದ್ದು ಮತ್ತೆ ಮುರಿಯಿತು. ಅದರಾಚೆಗಿನದೂ ಮುರಿಯಿತು. ಒಳಸುತ್ತಿನ ಟೇಪು ಒಣಗಿದ ಎಲೆಯಂತೆ ಮುರುಟಿಕೊಂಡು, ಮುಟ್ಟಿದಲ್ಲೆಲ್ಲ ಚೂರುಚೂರಾಗಿ ಅವರ ಮಡಿಲಿಗೆ ಉದುರುತ್ತಿತ್ತು.

"ಜೋಡಿಸಿದ್ದೆ" ಎಂದರು ಅಪ್ಪ. "ಎರಡು ಬಗೇದೂ ಸೇರಿಸಿ ನಾನೇ ಜೋಡಿಸಿದ್ದೆ."

ತುಸು ತುಸುವಾಗಿ ವಿಷಯ ಹೊರಬಂತು. ನಿಲಯದಲ್ಲಿ ಕಾರ್ಯಕ್ರಮ ಕತ್ತರಿಸಿ ಉಳಿದ ತುಂಡುಗಳನ್ನು ಬುಟ್ಟಿಗೆ ಎಸೆಯುತ್ತಿದ್ದರು. ಹೊಸ ರೀಲು ಕೊಳ್ಳುವ ತಾಕತ್ತಿಲ್ಲದ ನೌಕರರು ಆ ತುಂಡುಗಳನ್ನು ಆಯ್ದು, ಒಂದಕ್ಕೊಂದು ಅಂಟಿಸಿ, ಮನೆಗೆ ಒಯ್ಯುತ್ತಿದ್ದರು. ಶ್ಶಪ್ಪನ ಅಂಟು ಎಲ್ಲಿದೆ ಎಂದು ಯಾವ ಕಿವಿಗೂ ತಿಳಿಯುತ್ತಿರಲಿಲ್ಲ. ಎಷ್ಟು ಚೊಕ್ಕವಾಗಿ ಅಂಟಿಸಿದ್ದರೆಂದರೆ, ಕೊನೆಗೆ ಅವರಿಗೇ ಮರೆತುಹೋಗಿತ್ತು.

ಎರಡು ಬಗೆಯ ಬಟ್ಟೆ ಸೇರಿಸಿ ಹೊಲಿದು ಬಿಸಿನೀರಿಗೆ ಅದ್ದಿದರೆ ಒಂದು ಕುಗ್ಗಿ ಇನ್ನೊಂದನ್ನು ಎಳೆಯುವುದನ್ನು ಮಗಳು ಎಷ್ಟು ಸಲ ನೋಡಿಲ್ಲ. ಜೇನಿನ ಬಣ್ಣದ ಆ ಬಳೆಯನ್ನು ಅವಳು ಕಣ್ಣಾರೆ ಕಂಡಿದ್ದಳು. ಹೇಳಿಯೂ ಇದ್ದಳು. ಅದನ್ನು ಈಗ ಎತ್ತಿ ಆಡುವ ಮಾತು ನಾಲಿಗೆಯ ತುದಿಯವರೆಗೂ ಬಂತು, ನುಂಗಿಕೊಂಡಳು. ಬೇರೆಯದನ್ನು ಕೇಳಿದಳು.

"ಯಾವ ಕಥೆ ಅಪ್ಪ ಅದು?"

ಅಪ್ಪ ಮಡಿಲಿನ ಚೂರುಗಳನ್ನು ಒಂದೆಡೆ ಗುಡ್ಡೆ ಮಾಡುತ್ತಿದ್ದರು.

"ನೀವು ಪಕ್ಕದಲ್ಲೇ ಇದ್ರಲ್ಲ. ಕೊನೇವರೆಗೂ ಹೇಳಿದ್ಲಲ್ಲ ಅವಳು. ಆ ಅಜ್ಜಿಗೆ ಏನಾಯ್ತು?"

"ಗೊತ್ತಿಲ್ಲ."

"ಮರೆತುಹೋಯ್ತಾ?"

"ಮರೆಯೋದಕ್ಕೆ ಕೇಳಿದ್ರೆ ತಾನೇ." ಅಪ್ಪ ತಲೆ ಎತ್ತಲಿಲ್ಲ. "ದನಿ ಏರುಪೇರು ತೋರಿಸೋ ಮುಳ್ಳು ಇರುತ್ತೆ. ಕೆಂಪು ಗೆರೆ ದಾಟಬಾರದು. ಅವಳು ಕೆಮ್ಮಿದಾಗೆಲ್ಲ ದಾಟ್ತಿತ್ತು. ನಾನು ಮುಳ್ಳು ನೋಡ್ತಿದ್ದೆ. ಕಥೆ ಹೇಗೂ ಟೇಪಲ್ಲಿ ಇರುತ್ತಲ್ಲ, ಆಮೇಲೆ ಕೇಳಿದ್ರಾಯ್ತು ಅಂತ."

ಮಗಳಿಗೆ ಅಳು ಬರಲಿಲ್ಲ. ಯಾರೋ ಎದೆಯೊಳಗಿನ ಸಾಮಾನನ್ನೆಲ್ಲ ಸಾಗಿಸಿ, ಗುಡಿಸಿ, ಬಾಗಿಲು ಹಾಕಿಕೊಂಡು ಹೋದ ಹಾಗಿತ್ತು. ಲೋಕದಲ್ಲಿ ಅಮ್ಮನ ಕಥೆ ಕೇಳಿಸಿಕೊಂಡವರು ಒಬ್ಬರೂ ಇರಲಿಲ್ಲ. ತೊಟ್ಟಿಲಲ್ಲಿದ್ದ ತಾನು, ಮುಳ್ಳು ನೋಡುತ್ತಿದ್ದ ಅಪ್ಪ, ಈಗ ಪುಡಿಯಾದ ಟೇಪು. ಇಷ್ಟೇ ಸಭೆ.

ಅವಳು ಕೈಚಾಚಿ, ಉಳಿದ ಟೇಪಿನ ತುದಿಯನ್ನು ಒಂದು ಖಾಲಿ ರೀಲಿಗೆ ಸಿಕ್ಕಿಸಿ, ಹಿಂದಕ್ಕೆ ಸುತ್ತಿಸಿ ಮತ್ತೆ ಗುಂಡಿ ಒತ್ತಿದಳು. ಕೆಮ್ಮು. ಈಗ ಹೇಳ್ಲಾ. ನಗು. ಕೂಸೇ. ಮತ್ತೆ ಹಿಂದಕ್ಕೆ ಸುತ್ತಿಸಿದಳು. ದನಿ ತಗಡೂ ಆಗಿರಲಿಲ್ಲ, ಬೆಣ್ಣೆಯೂ ಆಗಿರಲಿಲ್ಲ. ಸುಸ್ತಾದ, ಸ್ವಲ್ಪ ತಮಾಷೆಯ, ಯಾರದೋ ಮನೆಯ ಹುಡುಗಿಯ ದನಿ. ಮೂರನೆಯ ಸಲಕ್ಕೆ ಅಪ್ಪನ ಕೈ ತಾನಾಗಿ ಬಂದು ನಿಲ್ಲಿಸುವ ಗುಂಡಿಯನ್ನು ತಡವಿತು.

"ಸಾಕು. ಸವೆದುಹೋಗುತ್ತೆ."

ಅವಳು ಅಪ್ಪನ ಕೈಯನ್ನು ಹಿಡಿದು ಎತ್ತಿ ಅವರ ಮಡಿಲಿಗೆ, ಚೂರುಗಳ ಮೇಲೆ ಇಟ್ಟಳು. ಮತ್ತೆ ಗುಂಡಿ ಒತ್ತಿದಳು.

ಮಾರನೆಯ ಬೆಳಗ್ಗೆ ಸಂಗ್ರಹಾಲಯದ ಹೆಂಗಸು ವ್ಯಾನಿನೊಂದಿಗೆ ಬಂದಳು. ಪೆಟ್ಟಿಗೆಗಳೆಲ್ಲ ಬಾಗಿಲ ಬಳಿ ಸಾಲಾಗಿದ್ದವು. ಅಪ್ಪ ಕುರ್ಚಿಯಲ್ಲಿ, ತೊಳೆದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದರು.

"ಷರತ್ತು ಹಾಗೇ ಇಟ್ಕೊಳ್ಳೋಣ ಅಲ್ವಾ ಸಾರ್? ಮೂಲ ಟೇಪನ್ನ ಯಾರಿಗೂ ಹಾಕಿ ಕೇಳಿಸೋ ಹಾಗಿಲ್ಲ."

ಮಗಳು ಅಪ್ಪನ ಮುಖ ನೋಡಿದಳು. ನಿನ್ನೆಯದಾದ ಮೇಲೆ ಇವತ್ತು ಆ ಬಾಯಿಂದ ಬೇರೆ ಮಾತು ಬಂದೀತು ಎಂದು ಅವಳಿಗೆ ಹೇಗೋ ಖಾತ್ರಿಯಿತ್ತು.

"ಹಾಗೇ ಇರಲಿ" ಎಂದರು ಅಪ್ಪ. "ಹಾಕಿದ್ದಕ್ಕೇ ಒಂದು ಹೋಯ್ತು. ಹಾಕದೇ ಇದ್ದಿದ್ರೆ ಇರ್ತಿತ್ತು."

"ಇರ್ತಿತ್ತು" ಎಂದಳು ಮಗಳು. "ಯಾರಿಗೆ ಇರ್ತಿತ್ತು ಅಪ್ಪ?"

ಹೆಂಗಸು ಅವರಿಬ್ಬರ ನಡುವೆ ಎಲ್ಲಿ ಕಾಲಿಡುವುದೆಂದು ತಿಳಿಯದೆ ಒಂದು ಪೆಟ್ಟಿಗೆ ಎತ್ತಿಕೊಂಡು ಹೊರಗೆ ನಡೆದಳು. ಮಗಳೂ ಎತ್ತಿಕೊಂಡಳು. ಒಂದೊಂದಾಗಿ ಹಾಡಿದವರು, ಭಾಷಣ ಬಿಗಿದವರು, ಅತ್ತವರು ವ್ಯಾನಿನ ಕತ್ತಲಿಗೆ ಹೋದರು. ಅವಳು ಜಗಳವಾಡಲಿಲ್ಲ. ಅವರವು, ಅವರ ಇಷ್ಟ. ಅಪ್ಪನನ್ನು ಮನೆಗೆ ಕರೆದೊಯ್ಯುತ್ತಾಳೆ, ಹೊತ್ತುಹೊತ್ತಿಗೆ ಊಟ ಹಾಕುತ್ತಾಳೆ, ಕಣ್ಣಿಗೆ ಔಷಧಿ ಬಿಡುತ್ತಾಳೆ. ಅದಕ್ಕೆಲ್ಲ ಅವಳ ಕೈಗಳು ಸಾಕಾಗಿದ್ದವು, ಮನಸ್ಸು ಬೇಕಾಗಿರಲಿಲ್ಲ.

ಕೊನೆಯಲ್ಲಿ ಹೆಂಗಸು ನಡುಮನೆಯಲ್ಲಿ ಉಳಿದ, ಅಮ್ಮನ ತುಂಡು ಟೇಪು ಇನ್ನೂ ಸಿಕ್ಕಿಸಿಯೇ ಇದ್ದ ಯಂತ್ರವನ್ನು ನೋಡಿದಳು. "ಇದನ್ನೂ ಕೊಡ್ತೀರಾ? ಈಗೆಲ್ಲೂ ಸಿಗಲ್ಲ ಇದು."

"ಇಲ್ಲ. ಇದು ನಮ್ಮನೆಗೆ ಬರುತ್ತೆ."

ಅಪ್ಪ ದನಿ ಬಂದತ್ತ ಮುಖ ತಿರುಗಿಸಿದರು. "ಅದಕ್ಕೆಲ್ಲಿ ಜಾಗ? ಮೊಬೈಲಿಗೆ ಹಿಡ್ಕೊಂಡಿದೀಯಲ್ಲ. ಯಂತ್ರ ಯಾಕೆ?"

"ಸವೆಸೋದಕ್ಕೆ" ಎಂದಳು ಮಗಳು.

ತಮಾಷೆಯೆಂದುಕೊಂಡು ಹೆಂಗಸು ನಕ್ಕಳು. ಯಾರೂ ಜೊತೆಗೂಡದಿದ್ದುದನ್ನು ಕಂಡು ವ್ಯಾನಿನ ಕಡೆಗೆ ಹೊರಟಳು. ಮಗಳು ಯಂತ್ರದ ತಂತಿಯನ್ನು ಗೋಡೆಯಿಂದ ಕಿತ್ತು ಕೈಗೆ ಸುತ್ತಿಕೊಂಡಳು.