ಬೆರಳಗಲ ಬಿಯರ್

ಹಸಿರು ಬಾಟಲಿಯನ್ನು ತನ್ನ ಮನೆಯ ಮೇಜಿನ ಮೇಲಿಟ್ಟು ಲಿಫ್ಟ್ ಮೆಕ್ಯಾನಿಕ್ ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಎದುರಿಗೆ ಕೂತಿದ್ದ ಬ್ರೂವರಿಯವನು ಅದನ್ನು ತಕ್ಷಣ ಮುಟ್ಟಲಿಲ್ಲ. ಲೇಬಲ್ಲಿನ ಮೇಲಿದ್ದ ತನ್ನ ಅಣ್ಣನ ಕೈಬರಹವನ್ನೇ ನೋಡುತ್ತಿದ್ದ.

"ಇದೊಂದೇ ಉಳಿದಿರೋದಾ?"

"ಒಂದೇ. ಎರಡು ವರ್ಷದಿಂದ ಮುಟ್ಟಿಲ್ಲ."

ಅಣ್ಣ ತೀರಿಹೋಗಿ ವರ್ಷವಾಗಿತ್ತು. ಮುಚ್ಚಿದ್ದ ಸಣ್ಣ ಬ್ರೂವರಿಯಲ್ಲಿ ನಾಳೆ ಮತ್ತೆ ಬಿಯರಿನ ಹಂಡೆ ಏರಿಸಬೇಕೆಂದು ತಮ್ಮ ನಿಶ್ಚಯಿಸಿದ್ದ. ಅಣ್ಣನ ಪುಸ್ತಕದಲ್ಲಿ ಬಾರ್ಲಿ ಕಾಳಿನ ತೂಕವಿತ್ತು, ನೀರಿನ ಅಳತೆಯಿತ್ತು. ಎಷ್ಟು ಹುರಿಯಬೇಕು, ಕಿತ್ತಳೆ ಸಿಪ್ಪೆ ಯಾವಾಗ ಹಾಕಬೇಕು, ಅದೆಲ್ಲ ಅಣ್ಣನ ಮೂಗಿಗೆ ಗೊತ್ತಿತ್ತು, ಕಾಗದಕ್ಕೆ ಬಂದಿರಲಿಲ್ಲ.

"ನಾನು ಗಾಡೀಲಿ ಹಾಕ್ಕೊಂಡು ಮಾರ್ತಿದ್ದೆ ಅಷ್ಟೆ. ದಿನಾ ಕುಡಿಯೋನಿಗೆ ರುಚಿ ನೆನಪಿರುತ್ತಾ?" ಎಂದ. "ಒಂದು ಗುಟುಕು ಸಾಕು. ಸೇರಬೇಕಾದ ಊರು ಯಾವುದು ಅಂತ ಗೊತ್ತಾದ್ರೆ ದಾರಿ ಹುಡುಕ್ಕೋತೀನಿ."

ನಾಲ್ಕು ವರ್ಷದ ಹಿಂದೆ ಮೆಕ್ಯಾನಿಕ್ ಆ ಬ್ರೂವರಿಯ ಕಟ್ಟಡದ ಸಾಮಾನಿನ ಲಿಫ್ಟು ರಿಪೇರಿಗೆ ಹೋದಾಗ ಅಣ್ಣ ಅರ್ಧ ಗ್ಲಾಸು ಕೊಟ್ಟಿದ್ದ. ಬಿಯರ್ ಅಂದರೆ ತಣ್ಣಗಿನ ಕಹಿ ಎಂದುಕೊಂಡಿದ್ದ ಮೆಕ್ಯಾನಿಕ್, "ಇದಕ್ಕೆ ಬ್ರೆಡ್ ಯಾಕೆ ಹಾಕಿದ್ದೀರಿ?" ಎಂದು ಕೇಳಿದ. ಅಣ್ಣ ನಕ್ಕು ಒಂದು ಗಂಟೆ ಕೂರಿಸಿಕೊಂಡ. ಅಲ್ಲಿಂದ ಹಿಡಿದ ಹುಚ್ಚು. ಲಿಫ್ಟು ಕೆಟ್ಟ ಊರಿಂದೆಲ್ಲ ಅಲ್ಲಿಯ ಸಣ್ಣ ಬ್ರೂವರಿಯ ಒಂದೊಂದು ಬಾಟಲಿ ಬರತೊಡಗಿತು. ಭಾನುವಾರಕ್ಕೊಂದು ತೆಗೆಯುತ್ತಿದ್ದ. ತಳದಲ್ಲಿ ಯೀಸ್ಟಿನ ಗಷ್ಟು ಇರುತ್ತದೆ, ಕೊನೆಯ ಬೆರಳಗಲವನ್ನು ಬಗ್ಗಿಸಬಾರದು ಎಂದು ಅಣ್ಣ ಹೇಳಿಕೊಟ್ಟಿದ್ದ. ಲಿಫ್ಟನ್ನು ಮಹಡಿಗೆ ಸರಿಯಾಗಿ ನಿಲ್ಲಿಸಿದ ಹಾಗೆ ಅವನೂ ಅಲ್ಲಿಗೇ ನಿಲ್ಲಿಸುತ್ತಿದ್ದ. ಖಾಲಿ ಬಾಟಲಿಯನ್ನು ಹೆಂಡತಿ ತೊಳೆದು ಕೊಟ್ಟರೆ ಕಪಾಟಿಗೆ. ಈಗ ಕಪಾಟು ಮೂರಾಗಿದ್ದವು. "ಇಷ್ಟು ಬಾಟಲಿ ಇಟ್ಕೊಂಡೋರು ಕುಡುಕರಲ್ಲ ಅಂದ್ರೆ ನೆಂಟರು ನಂಬ್ತಾರೇನ್ರೀ?" ಎಂದು ಅವಳು ಗೊಣಗುತ್ತಿದ್ದಳು.

ಬ್ರೂವರಿಯವನು ಮುಚ್ಚಳ ಎಬ್ಬಿಸಿದ. ಬಗ್ಗಿಸುವ ಮೊದಲೇ ಅವನ ಮುಖ ಬದಲಾಯಿತು. ಸುಟ್ಟ ರಬ್ಬರಿನಂಥ ವಾಸನೆ ಮೇಜಿನ ಸುತ್ತ ಹರಡಿತು.

"ಎಲ್ಲಿಟ್ಟಿದ್ರಿ ಇದನ್ನ?"

"ಕಿಟಕೀಲಿ." ಮೆಕ್ಯಾನಿಕ್ ಆ ಕಡೆ ಕೈ ತೋರಿಸಿದ. "ಬೆಳಿಗ್ಗೆ ಬಿಸಿಲು ಬಿದ್ರೆ ಗೋಡೆಯೆಲ್ಲ ಹಸಿರಾಗೋದು. ಚೆಂದ ಕಾಣುತ್ತೆ ಅಂತ..."

"ಬಿಯರ್‌ಗೆ ಬಿಸಿಲು ಆಗಲ್ಲ, ಸಾರ್. ಹಸಿರು ಗಾಜು ತಡೆಯೋದೂ ಇಲ್ಲ." ಬೈದಿದ್ದರೆ ವಾಸಿಯಿತ್ತು. ಅವನು ಬೈಯಲಿಲ್ಲ. ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಕಷ್ಟಪಟ್ಟು ನುಂಗಿ, ಗ್ಲಾಸನ್ನು ದೂರ ಸರಿಸಿದ.

ಮೆಕ್ಯಾನಿಕ್ ತನ್ನ ನೋಟ್‌ಬುಕ್ ತಂದು ಗಡಿಬಿಡಿಯಿಂದ ಹಾಳೆ ತಿರುವಿದ. ಪ್ರತಿ ಬಾಟಲಿಗೂ ಮೂರು ಸಾಲು ಬರೆದಿಟ್ಟಿದ್ದ. ಇದೇ ಬಿಯರಿನ ಮೊದಲ ಬಾಟಲಿಯದು ಸಿಕ್ಕಿತು. "ತುಂಬಾ ಚೆನ್ನಾಗಿದೆ. ಬ್ರೆಡ್ಡಿನ ರುಚಿ. ಇನ್ನೊಂದು ತರಬೇಕು."

ಬ್ರೂವರಿಯವನು ಅದನ್ನು ಓದಿ ಮೆಲ್ಲಗೆ ಮುಚ್ಚಿಟ್ಟ.

"ಬ್ರೆಡ್ ಅಲ್ಲ ಅದು," ಅಂತ ಅಡುಗೆಮನೆಯಿಂದ ದನಿ ಬಂತು. "ಬ್ರೆಡ್ಡಿನ ತಳದ ಅಂಚು. ಸೀದಿರಬಾರದು, ಇನ್ನೊಂದು ನಿಮಿಷ ಬಿಟ್ರೆ ಸೀಯುತ್ತೆ ಅನ್ನೋ ಹಾಗಿರ್ಬೇಕು."

ಹೆಂಡತಿ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದಳು. ಆಸ್ಪತ್ರೆಯ ಅಡುಗೆಮನೆಯಲ್ಲಿ ಹದಿನೆಂಟು ವರ್ಷದಿಂದ ರೋಗಿಗಳ ಊಟದ ಉಪ್ಪು ನೋಡುತ್ತಿದ್ದವಳು.

"ನೀನು ಇದನ್ನ ಯಾವಾಗ..." ಎಂದ ಮೆಕ್ಯಾನಿಕ್.

"ನಾಲ್ಕು ವರ್ಷದಿಂದ ನಿಮ್ಮ ಬಾಟಲಿ ತೊಳೀತಿರೋದು ಯಾರು? ಒಂದೊಂದರಲ್ಲೂ ಬೆರಳಗಲ ಬಿಟ್ಟಿರ್ತೀರಿ. ಸಿಂಕಿಗೆ ಚೆಲ್ಲೋಕೆ ಮನಸ್ಸು ಬರ್ಲಿಲ್ಲ."

"ಎಲ್ಲಾದನ್ನೂನಾ?"

"ಹೋದ ತಿಂಗಳಿಂದು ಒಂದು ಚೆಲ್ಲಿದೆ. ಸೋಪಿನ ನೀರಿದ್ದ ಹಾಗಿತ್ತು. ನೀವು ಅದನ್ನ ಭಾರಿ ಹೊಗಳಿದ್ರಿ."

ಬ್ರೂವರಿಯವನು ಜೇಬಿನಿಂದ ಪೆನ್ಸಿಲ್ ತೆಗೆದಿದ್ದ. "ಕಿತ್ತಳೆ ಸಿಪ್ಪೆ, ಅಕ್ಕ?"

"ಒಣಗಿದ್ದು. ಹಸಿ ಸಿಪ್ಪೆಯ ಘಾಟು ಇರ್ಲಿಲ್ಲ. ಮೊದಲೇ ಹಾಕಿ ಕುದಿಸಿದ್ರೆ ಕಹಿ ಬಿಡುತ್ತೆ. ಅದರಲ್ಲಿ ಬರೀ ವಾಸನೆ ಇತ್ತು. ಒಲೆ ಆರಿಸಿದ ಮೇಲೆ ಹಾಕಿ ಮುಚ್ಚಿಟ್ಟಿರ್ಬೇಕು ನಿಮ್ಮಣ್ಣ."

ಪೆನ್ಸಿಲ್ ನಿಂತಿತು. "ಒಲೆ ಆರಿಸಿ ಎಲ್ಲರನ್ನೂ ಹೊರಗೆ ಕಳಿಸ್ತಿದ್ದ," ಎಂದ ಅವನು. "ಯಾಕೆ ಅಂತ ಹೇಳ್ತಿರ್ಲಿಲ್ಲ." ಬರೆದದ್ದರ ಕೆಳಗೊಂದು ಗೆರೆ ಎಳೆದು, "ನಾಳೆ ಬರ್ತೀರಾ, ಅಕ್ಕ? ಹುರಿಯೋವಾಗ ಪಕ್ಕದಲ್ಲಿ ನಿಂತ್ಕೊಂಡ್ರೆ ಸಾಕು."

"ನಂದು ಮಧ್ಯಾಹ್ನದ ಪಾಳಿ. ಬೆಳಿಗ್ಗೆ ಆದ್ರೆ ಬರ್ತೀನಿ."

ಮೆಕ್ಯಾನಿಕ್ ಎದ್ದುಹೋಗಿ ಕಪಾಟಿನ ಕತ್ತಲ ಮೂಲೆಯಿಂದ, ಬೇರೆ ಊರಿಂದ ತಂದು ಇನ್ನೂ ತೆರೆಯದಿದ್ದ ಒಂದು ಕಂದು ಬಾಟಲಿ ತಂದ. ಮತ್ತೆ ಒಳಗೆ ಹೋಗಿ ಮೂರನೆಯ ಗ್ಲಾಸು ಹುಡುಕಿದ. ಜೊತೆಯದು ಸಿಗಲಿಲ್ಲ, ಹಿಡಿ ಮುಕ್ಕಾದ ಟೀ ಕಪ್ಪನ್ನೇ ತೊಳೆದು ತಂದು ಅದು ತನಗೆಂದು ಪಕ್ಕಕ್ಕಿಟ್ಟುಕೊಂಡ. ಮೊದಲು ಹೆಂಡತಿಗೆ ಬಗ್ಗಿಸಿದ.

ಅವಳು ಕುರ್ಚಿ ಎಳೆದುಕೊಂಡು ಕೂತಳು. ಗ್ಲಾಸನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದಳು. ಗಂಡಸರಿಬ್ಬರೂ ತಮ್ಮದನ್ನು ಮುಟ್ಟದೆ ಅವಳ ಮುಖವನ್ನೇ ನೋಡುತ್ತ ಕೂತರು.