ಮಾವನ ಬ್ಯಾಟರಿ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಎದುರುಮನೆಯ ಬಡಗಿಯ ಕೂಗು ಮೊದಲು ಬಂತು, ಬಡಗಿ ಆಮೇಲೆ ಕಂಡ.

ಅಕ್ಕ ಆಗಷ್ಟೇ ಮರಿಮನೆಯ ಬಾಗಿಲು ತೆಗೆದಿದ್ದಳು. ಕೋಳಿಮೊಟ್ಟೆಗಳನ್ನು ಯಂತ್ರದ ಕಾವಿಗಿಟ್ಟು, ಮರಿ ಮಾಡಿ ಮಾರುವುದು ಅವಳ ಬದುಕು. ಗಂಡ ತೀರಿಕೊಂಡಾಗ ಅವಳಿಗೆ ಉಳಿದದ್ದು ಆ ಕಾವುಪೆಟ್ಟಿಗೆ ಮತ್ತು ಹಿತ್ತಲಿನ ಜನರೇಟರ್. ಜನರೇಟರಿಗೆ ಅವಳಿಟ್ಟ ಹೆಸರು ಮಾವ. “ಯಾವಾಗ್ಲೂ ಮಲಗಿರ್ತಾನೆ, ಕುಡಿಯೋಕೆ ಮಾತ್ರ ಮುಂದು. ಆದ್ರೂ ಕಷ್ಟಕಾಲಕ್ಕೆ ಎದ್ದು ಗದರಿದ್ನೋ, ಮನೆ ಉಳೀತು ಅಂತ್ಲೇ ಲೆಕ್ಕ” ಅನ್ನುತ್ತಿದ್ದಳು.

ಅಂದು ಮೊಟ್ಟೆಗಳಿಗೆ ದಿನ ತುಂಬಿತ್ತು. ತಟ್ಟೆಗೆ ಕಿವಿಯಿಟ್ಟರೆ ಚಿಪ್ಪಿನೊಳಗಿಂದಲೇ ಚಿಂವ್ ಚಿಂವ್ ಕೇಳುತ್ತಿತ್ತು.

“ಅಕ್ಕಾ, ನಮ್ಮಮ್ಮಂಗೆ ಉಸಿರೇ ಸಿಗ್ತಿಲ್ಲ. ಆಂಬುಲೆನ್ಸು ಮಂಜಲ್ಲಿ ಎಲ್ಲೋ ನಿಂತಿದೆಯಂತೆ. ನನ್ನ ವ್ಯಾನು ನೋಡಿದ್ರೆ ಬ್ಯಾಟರಿ ಸತ್ತು ಕಮಕ್ ಕಿಮಕ್ ಅಂತಿಲ್ಲ” ಅಂದ ಬಡಗಿ.

“ತಳ್ಳೋಣ್ವಾ?”

“ತಳ್ಳಿದ್ರೆ ಹೊರಡುತ್ತೆ. ನಡುದಾರೀಲಿ ನಿಂತ್ರೆ ತಳ್ಳೋರು ಯಾರು?”

ಅಕ್ಕ ಹಿತ್ತಲ ಕಡೆ ನೋಡಿದಳು. ಮಾವನನ್ನು ಎಬ್ಬಿಸುವುದೇ ಅವನ ಬ್ಯಾಟರಿ. ಅದಿಲ್ಲದಿದ್ದರೆ ಅವನು ಬರೀ ಕಬ್ಬಿಣ. ಗೋಡೆಗೆ ನೇತುಹಾಕಿದ್ದ ಸ್ಪ್ಯಾನರ್ ತೆಗೆದು ಬಡಗಿಯ ಕೈಗಿಟ್ಟಳು.

“ಬಿಚ್ಕೋ ತಮ್ಮ.”

“ಕರೆಂಟ್ ಹೋದ್ರೆ? ಮರಿಗಳು?”

“ಕೊಟ್ಟೋನು ಕಾಯ್ತಾನೆ. ಮೊದ್ಲು ಅಮ್ಮ.”

ವ್ಯಾನಿನಲ್ಲಿ, ಹಲಗೆಗಳ ನಡುವೆ ಹಾಸಿದ ಹಾಸಿಗೆಯ ಮೇಲೆ ಮುದುಕಿ ಮಲಗಿದ್ದಳು. ಅಕ್ಕನನ್ನು ಕಂಡು ಏದುಸಿರಿನಲ್ಲೇ ನಕ್ಕಳು. “ನಿಮ್ಮಾವ ನಂಗೆ ಎದೆನೇ ಕಿತ್ತು ಕೊಟ್ಟನಂತಲ್ಲೇ, ಈ ವಯಸ್ಸಲ್ಲಿ! ಹೋಗ್ತೀನಿ ಮಗಳೇ.”

“ಹೋಗ್ತೀನಿ ಅನ್ಬಾರ್ದು. ಬರ್ತೀನಿ ಅನ್ನಮ್ಮ.”

ಮುದುಕಿ ಏನೋ ಅಂದಳು. ಅಷ್ಟರಲ್ಲಿ ವ್ಯಾನು ಹೊರಟಿತು.

ಬಿಸಿಲೇರುವ ಮುನ್ನವೇ ಕರೆಂಟ್ ಹೋಯಿತು. ಕಾವುಪೆಟ್ಟಿಗೆಯ ಫ್ಯಾನು ಸುತ್ತಿ ಸುತ್ತಿ ನಿಂತಿತು. ಬಾಗಿಲು ಮುಚ್ಚಿದರೆ ಒಳಗೆ ಮರಿಗಳಿಗೆ ಉಸಿರು ಕಟ್ಟುತ್ತದೆ, ತೆರೆದರೆ ಚಳಿ ಹೊಡೆಯುತ್ತದೆ. ಬೇರೊಂದು ಬ್ಯಾಟರಿ ತರಲೆಂದು ಜನರೇಟರ್ ರಿಪೇರಿಯವನಿಗೆ ಫೋನ್ ಮಾಡಿದಳು. ಮಂಜು ಕರಗದೆ ಬರಲಾಗದೆಂದ. ಬಾಗಿಲನ್ನು ಓರೆ ಮಾಡಿ, ಸುತ್ತ ಕಂಬಳಿ ಹೊದಿಸಿ, ಬಿರುಕು ಬಿಟ್ಟ ಒಂದಷ್ಟು ಮೊಟ್ಟೆಗಳನ್ನು ಮಡಿಲಿಗೆ ಹಾಕಿಕೊಂಡು ಕುಳಿತಳು. ದೇವರನ್ನು ಕರೆದಳು. ಯಾರನ್ನು ಉಳಿಸೆಂದು ಕೇಳಲು ಮಾತ್ರ ಬಾಯಿ ಬರಲಿಲ್ಲ. ಒಂದು ಉಸಿರಿಗೆ ಅಮ್ಮ, ಇನ್ನೊಂದಕ್ಕೆ ಮರಿ. ಚಿಂವ್ ಸದ್ದು ತೆಳುವಾಗುತ್ತ ಹೋಗಿ, ಮೂಲೆಯ ಒಂದೇ ಮೊಟ್ಟೆಯಲ್ಲಿ ಉಳಿಯಿತು. ಆಮೇಲೆ ಅದೂ ಇಲ್ಲ.

ಎಲ್ಲ ಮುಗಿದ ಮೇಲೆ ಕರೆಂಟ್ ಬಂತು. ಫ್ಯಾನು ಏನೂ ಆಗಿಲ್ಲವೆಂಬಂತೆ ತಿರುಗತೊಡಗಿತು.

ಮಧ್ಯಾಹ್ನ ಬಡಗಿ ಬಂದ. ಮಗುವನ್ನು ಎತ್ತಿಕೊಂಡಂತೆ ಬ್ಯಾಟರಿಯನ್ನು ಅವಚಿಕೊಂಡಿದ್ದ. ಅವನ ಹಿಂದೆ, ಬೀದಿಯಲ್ಲಿ, ವ್ಯಾನಿನ ಬಾಗಿಲು ಮುಚ್ಚಿಯೇ ಇತ್ತು.

“ಅಮ್ಮ ಎಲ್ಲೋ ತಮ್ಮ?”

“ಇನ್ನೂ ಇಳಿಸಿಲ್ಲ ಅಕ್ಕ. ಆಸ್ಪತ್ರೆ ಬಾಗ್ಲಲ್ಲೇ ಹೋಗ್ಬಿಟ್ಲು.” ಬ್ಯಾಟರಿಯನ್ನು ನೆಲಕ್ಕಿಳಿಸಿದ. “ಮೊದ್ಲು ಇದನ್ನ ಮುಟ್ಟಿಸೋಣ ಅಂತ. ದಾರಿಯುದ್ದಕ್ಕೂ ಅವಳದೊಂದೇ ಮಾತು: ಮರಿಗಳು ಏನಾದ್ವೋ ಅಂತ. ಕರೆಂಟ್ ಹೋಗ್ಲಿಲ್ಲ ತಾನೆ?”

ಅಕ್ಕ ಕಾವುಪೆಟ್ಟಿಗೆಯ ಬಾಗಿಲನ್ನು ಬೆನ್ನಿನಿಂದಲೇ ಒತ್ತಿ ಮುಚ್ಚಿದಳು. ತಲೆಯ ಮೇಲೆ ಬಲ್ಬು ಉರಿಯುತ್ತಿತ್ತು.

“ಇಲ್ಲಪ್ಪ. ಎಲ್ಲಾ ಚೆನ್ನಾಗಿವೆ.”

“ಸದ್ಯ” ಅಂದ ಬಡಗಿ. ಬೆಳಗಿನಿಂದ ಹಿಡಿದಿಟ್ಟ ಅಳು ಆಗ ಬಂತು. ಅಳುತ್ತಲೇ ಬ್ಯಾಟರಿ ಕೂರಿಸಿ, ತಂತಿ ಬಿಗಿದು, ಕೀಲಿ ತಿರುಗಿಸಿದ. ಮಾವ ಎದ್ದು ಗದರಿದ. ಪರೀಕ್ಷೆ ಆಯಿತೆಂದು ಬಡಗಿ ಆರಿಸಹೋದಾಗ ಅಕ್ಕ ಕೈ ತಡೆದಳು. ಸದ್ದು ನಿಂತರೆ ಮರಿಮನೆಯ ಮೌನ ಅವನ ಕಿವಿಗೆ ಬೀಳುತ್ತದೆಂದು ಅವಳಿಗೆ ಭಯ.

“ಇರ್ಲಿ ಬಿಡು, ಓಡ್ಲಿ. ನಡಿ, ಅಮ್ಮನ್ನ ಒಳಗೆ ಕರ್ಕೊಂಡು ಬರೋಣ.”

ಬಡಗಿ ತಲೆಯಾಡಿಸಿ ಎರಡು ಹೆಜ್ಜೆ ಇಟ್ಟವನು, ನೆನಪಾಗಿ ನಿಂತ. ಜೇಬಿನಿಂದ ಸ್ಪ್ಯಾನರ್ ತೆಗೆದು ಅವಳ ಅಂಗೈಯಲ್ಲಿಟ್ಟ. ಅದು ಅವನ ಮೈಕಾವಿಗೆ ಇನ್ನೂ ಬೆಚ್ಚಗಿತ್ತು.