ಪಾಲಿಗೆ ಬಿಟ್ಟ ಕೋಳಿ

ಲಕ್ಷ್ಮೇಶ್ವರದ ಒಂದು ಓಣಿ. ಅಲ್ಲಿ ಮನೆಗೆ ಮನೆ ಅಂಟಿಕೊಂಡಿದೆ, ಹಿತ್ತಲಿಗೆ ಹಿತ್ತಲು ಅಂಟಿಕೊಂಡಿದೆ. ಮನುಷ್ಯರಿಗೆ ಗೋಡೆ ಉಂಟು, ಕೋಳಿಗೆ ಎಲ್ಲಿಯ ಗೋಡೆ? ಒಂದು ಮಧ್ಯಾಹ್ನ ಶಮಶಾದಬಿಯ ಹಿತ್ತಲಿನಿಂದ ಚುಕ್ಕೆ ಕೋಳಿಯೊಂದು ಪುರ್ರನೆ ಹಾರಿ, ಪಕ್ಕದ ಮನೆಯವರು ಹಗ್ಗದ ಹೊರಸಿನ ಮೇಲೆ ಒಣಗಲು ಹಾಕಿದ್ದ ಶಾವಿಗೆಯ ಮೇಲೆ ಇಳಿಯಿತು. ಇಳಿದದ್ದಷ್ಟೇ ಅಲ್ಲ, ಕೆದರಿತು. ಕೆದರಿದ್ದಷ್ಟೇ ಅಲ್ಲ, ಹಿಕ್ಕೆಯನ್ನೂ ಹಾಕಿತು.

ಪಕ್ಕದ ಮನೆಯ ಉಡಚಪ್ಪ ಗೋಡೆಯ ಮೇಲಿಂದ ಇಣುಕಿದ. “ಶಮಶಾದಬಿ, ನಿನ್ನ ಕೋಳಿ ಬಂದು ನಮ್ಮ ಶಾವಿಗಿಗೆ ಒಗ್ಗರಣಿ ಹಾಕಿ ಹೋತು ನೋಡವಾ.”

“ತಪ್ಪಾತ್ರಿ ಅಣ್ಣಾರ,” ಎಂದಳು ಆಕೆ.

“ತಪ್ಪಾತು ಅಂದ್ರ ಮುಗೀತೇನು? ಇನ್ನ ಓಣ್ಯಾಗ ಕೋಳಿ ಇರಬೇಕು, ಇಲ್ಲ ನಾನಿರಬೇಕು.”

ಮರುದಿನವೇ ಅವನು ಪುರಸಭೆಗೆ ಕೊಡಲು ಅರ್ಜಿ ಬರೆಸಿದ. ಓಣಿಯಲ್ಲಿ ಯಾರೂ ಕೋಳಿ ಸಾಕಬಾರದು ಎಂಬುದು ಅದರ ಸಾರ. ಹನ್ನೆರಡು ಮನೆಯವರು ಸಹಿ ಹಾಕಿದರು. ಉಳಿದವರನ್ನು ಕೇಳಲು ಓಣಿಯ ಹಿರಿಯ ಉಳವಪ್ಪಜ್ಜ ಸಂಜೆ ಬೇವಿನ ಮರದ ಕಟ್ಟೆಗೆ ಎಲ್ಲರನ್ನೂ ಕರೆದ.

ಶಮಶಾದಬಿಗೆ ಊಟ ಸೇರಲಿಲ್ಲ. ಸೊಸೆ ಸಾಯಿಮಾ ಏಳು ತಿಂಗಳ ಬಸುರಿ. ಮೈಯಲ್ಲಿ ರಕ್ತ ಕಡಿಮೆ ಇದೆ, ಗುಳಿಗೆಯ ಜೊತೆಗೆ ದಿನಕ್ಕೊಂದು ತತ್ತಿ ಬಿಡದೆ ತಿನ್ನಿಸಿ ಎಂದು ನರ್ಸಮ್ಮ ಹೇಳಿದ್ದಳು. ಆ ತತ್ತಿ ಬರುವುದು ಹಿತ್ತಲಿನಿಂದಲೇ. ಸಾಲದ್ದಕ್ಕೆ ಒಂದು ಕೋಳಿ ಹದಿಮೂರು ತತ್ತಿಗಳ ಮೇಲೆ ಕಾವಿಗೆ ಕುಳಿತು ಹದಿನೇಳು ದಿನವಾಗಿತ್ತು. ಕಾವಿನ ಕೋಳಿಯನ್ನು ಎಬ್ಬಿಸಿ ಬೇರೆ ಊರಿಗೆ ಸಾಗಿಸಿದರೆ ತತ್ತಿಯೊಳಗಿನ ಜೀವ ಉಳಿಯುವುದಿಲ್ಲ.

ಬೆಳಿಗ್ಗೆ ಪಶುಸಖಿ ಸೀಮಾ ಬಂದು ಹಿತ್ತಲು ನೋಡಿ, ಹದಿನಾಲ್ಕು ಕೋಳಿ ಎಣಿಸಿ ಹೋಗಿದ್ದಳು. ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಕುರಿ-ಕೋಳಿಯ ಆರೈಕೆ ಹೇಳಿಕೊಡುವ ಹುಡುಗಿ ಅವಳು. ಲಸಿಕೆಯ ಮಾತು ಬಂದಾಗ ಶಮಶಾದಬಿ ಮೂಗು ಮುರಿದಿದ್ದಳು.

“ಸೂಜಿ ಚುಚ್ಚಿದ ಕೋಳಿ ತತ್ತಿ ಇಡೂದು ಬಿಡ್ತಾವಂತಲ್ಲ ಬೇ.”

“ಹೋದ ಬ್ಯಾಸಗ್ಯಾಗ ನಿಮ್ಮ ಕೋಳಿಗೆ ಸೂಜಿ ಚುಚ್ಚಿರಲಿಲ್ಲ ಅಕ್ಕಾರ. ಅವು ತತ್ತಿ ಇಟ್ವೇನು?”

ಹೋದ ಬೇಸಿಗೆಯಲ್ಲಿ ಕೋಳಿಗಳು ಹಸಿರು ಹಿಕ್ಕೆ ಹಾಕಿ, ಕತ್ತು ತಿರುಚಿ ಸತ್ತು, ನಾಲ್ಕೇ ದಿನದಲ್ಲಿ ಹಿತ್ತಲು ಬರಿದಾಗಿತ್ತು.

ಸಂಜೆ ಕಟ್ಟೆಯ ಸುತ್ತ ಜನ ಸೇರಿದರು, ಸೀಮಾಳೂ ಬಂದಿದ್ದಳು. ಉಡಚಪ್ಪ ಅರ್ಜಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ.

“ಶಾವಿಗಿ ಹೋದ್ರ ಹೋಗ್ಲಿ,” ಎಂದ. “ಹೋದ ವರ್ಷ ಸತ್ತ ಕೋಳಿ ಗಟಾರಕ್ಕ ಒಗದ್ರು. ನಾಯಿ ಅದನ್ನ ಎಳಕೊಂಡು ಬಂದು ನನ್ನ ಹೊಸ್ತಿಲದಾಗ ಹಾಕ್ತು. ಮೂರು ದಿನ ನಾತ. ಅವತ್ತೇ ಹೇಳೀನಿ, ನಮ್ಮ ಮನಿಯಾಗ ಕೋಳಿ ಕಾಲಿಡಬಾರದು ಅಂತ. ಈಗ ಓಣಿಗೂ ಅದನ್ನ ಹೇಳಾಕತ್ತೀನಿ.”

ಅದು ಖರೆಯ ಮಾತು. ಶಮಶಾದಬಿ ಎದ್ದು ನಿಂತಳು. “ಒಗದಾಕಿ ನಾನ ಅಣ್ಣಾರ. ಎಲ್ಲಾರೂ ಒಗಿತಿದ್ರು, ನಾನೂ ಒಗದೆ. ಅದು ನನ್ನ ತಪ್ಪ.”

“ಒಗೀಬಾರದು, ಹುಗೀಬೇಕು,” ಎಂದಳು ಸೀಮಾ. “ಆಳವಾಗಿ ತೆಗ್ಗು ತೋಡಿ, ಮ್ಯಾಲ ಸುಣ್ಣ ಹಾಕಿ ಮುಚ್ಚಬೇಕು. ಅದು ರಾಣಿಕೇತ ರೋಗ ಕಾಕಾರ. ಬಂದಮ್ಯಾಲ ಔಷಧ ಇಲ್ಲ, ಬರೂಕಿಂತ ಮೊದಲ ಲಸಿಕಿ ಐತಿ. ಮರಿ ಆದ ಏಳನೇ ದಿನಕ್ಕ ಕಣ್ಣಿಗೆ ಒಂದು ಹನಿ, ಎರಡು ತಿಂಗಳಿಗೆ ಸೂಜಿ. ಆರಾಮ ಇದ್ದ ಕೋಳಿಗೆ ಮಾತ್ರ.”

“ಹಂಗಾರ ನಾಳೆ ಈಕಿ ಕೋಳಿಗೆ ಹಾಕಿಬಿಡು, ಜಗಳ ಹರೀತು,” ಎಂದ ಉಳವಪ್ಪಜ್ಜ.

“ಒಬ್ಬರಿಗೆ ಹಾಕಾಕ ಬರೂದಿಲ್ಲ ಅಜ್ಜಾರ. ಒಂದು ಸೀಸೆದಾಗ ನೂರು ಕೋಳಿಗೆ ಆಗುವಷ್ಟು ಇರ್ತೈತಿ. ಒಡದ ಎರಡು ತಾಸಿನಾಗ ಮುಗಿಸಬೇಕು, ಇಲ್ಲಂದ್ರ ಚೆಲ್ಲಬೇಕು. ಇಡೀ ಓಣಿ ಕೋಳಿ ಕೂಡಬೇಕು. ಯಾರ ಮನಿಯಾಗ ಎಷ್ಟು ಅದಾವ, ಹೇಳ್ರಿ.”

ಹಿಂದಿನಿಂದ ಬುಡ್ಡೇಸಾಬ “ನಮ್ಮಲ್ಲಿ ಎಂಟು” ಎಂದ. ಬೀರವ್ವ “ಆರು” ಎಂದಳು.

“ಬೀರವ್ವ, ನೀ ಅರ್ಜಿಗೆ ಸಹಿ ಹಾಕೀಯಲ್ಲ?” ಎಂದ ಅಜ್ಜ.

“ಮಂದಿ ಕೋಳಿ ಬ್ಯಾಡ ಅಂತ ಹಾಕೀನಿ,” ಎಂದಳು ಬೀರವ್ವ. ಕಟ್ಟೆಯೆಲ್ಲ ನಕ್ಕಿತು.

ಸೀಮಾ ಶಮಶಾದಬಿಯ ಕಡೆ ತಿರುಗಿದಳು. “ನಿಮ್ಮವು ಹದಿನಾಲ್ಕು, ಹೌದಲ್ಲರಿ?”

“ನನ್ನವು ಒಂಬತ್ತು.”

“ಮುಂಜಾನೆ ನಾನ ಎಣಿಸೀನಿ.”

“ಉಳಿದ ಐದು ಪಾಲಿನವು.”

ಪಾಲಿಗೆ ಬಿಡುವುದೆಂದರೆ, ಒಬ್ಬರ ಕೋಳಿಯನ್ನು ಇನ್ನೊಬ್ಬರು ಸಾಕಿ, ಮರಿಗಳನ್ನು ಅರ್ಧರ್ಧ ಹಂಚಿಕೊಳ್ಳುವುದು. ಆ ಕಡೆ ಹೆಣ್ಣುಮಕ್ಕಳ ನಡುವೆ ಅದು ಕಾಗದವಿಲ್ಲದ ಕರಾರು.

“ಯಾರ ಪಾಲಿನವು?” ಎಂದ ಉಡಚಪ್ಪ.

ಶಮಶಾದಬಿ ನೆಲ ನೋಡಿದಳು. ಹೆಸರೊಂದು ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳಿಬಿಟ್ಟರೆ ಅರ್ಜಿ ಅಲ್ಲಿಯೇ ಹರಿಯುತ್ತಿತ್ತು. ಆದರೆ ಯಾರಿಗೂ ಹೇಳುವುದಿಲ್ಲವೆಂದು ಆಕೆ ಮಾತು ಕೊಟ್ಟಿದ್ದಳು. ಹಿತ್ತಲಿನ ಬುಟ್ಟಿಯೊಳಗೆ ಕಾವಿಗೆ ಕುಳಿತ ಕೋಳಿ ಕಣ್ಣಿಗೆ ಕಟ್ಟಿತು. ಆದರೂ ಕೊಟ್ಟ ಮಾತು ಮುರಿಯಲಿಲ್ಲ.

“ಹೇಳಾಕ ಬರೂದಿಲ್ಲರಿ ಅಣ್ಣಾರ.”

“ಯಾಕ ಬರೂದಿಲ್ಲ? ಕಳವಿನವೇನು?”

ಆಗ ಹೆಂಗಸರ ನಡುವಿನಿಂದ ಸೆರಗು ಸರಿಪಡಿಸಿಕೊಳ್ಳುತ್ತ ಒಬ್ಬಳು ಎದ್ದಳು. ಉಡಚಪ್ಪನ ಹೆಂಡತಿ ಉಡಚವ್ವ.

“ನನ್ನವು,” ಎಂದಳು. “ಮನಿಯಾಗ ಬ್ಯಾಡ ಅಂದ್ರಿ, ಆಕಿ ಹಿತ್ತಲದಾಗ ಬಿಟ್ಟೆ. ದಿನಾ ಮುಂಜಾನೆ ನಿಮ್ಮ ರೊಟ್ಟಿ ಜೊತಿ ತತ್ತಿ ಎಲ್ಲಿಂದ ಬರ್ತೈತಿ ಅಂತ ಒಮ್ಮೆರ ಕೇಳೀರೇನು? ಶಾವಿಗಿ ಕೆದರಿದ್ದೂ ನನ್ನ ಚುಕ್ಕಿ ಕೋಳಿನ. ಅಕ್ಕ ಆ ಬೈಗುಳನೂ ತಾನ ತಿಂದಳು, ನನ್ನ ಹೆಸರು ಹೇಳಲಿಲ್ಲ.”

ಉಡಚಪ್ಪನ ಮುಖ ಬೆವರಿತು. ಉಳವಪ್ಪಜ್ಜ ಮೀಸೆ ಒರೆಸಿಕೊಂಡ. “ಕೋಳಿ ತವರಿಗೆ ಬರೂ ಮಗಳಂಗ ಬಂದೈತಿ ಬಿಡಪಾ. ನೀನ ಗುರುತು ಹಿಡೀಲಿಲ್ಲ.”

ನಗು ಅಡಗಿದ ಮೇಲೆ ಉಡಚಪ್ಪ ಸೀಮಾಳನ್ನು ನೋಡಿ, “ನಾತ ಬರಬಾರದು. ಅಂಗಳಕ್ಕ ಬರಬಾರದು. ಅದಕ್ಕೇನು ಮಾಡ್ತಿ, ಅದನ್ನ ಹೇಳು” ಎಂದ.

“ಹಿತ್ತಲ ಗ್ವಾಡಿ ಮ್ಯಾಲ ಜಾಳಿಗಿ ಕಟ್ಟೂಣು ಕಾಕಾರ. ಗೂಡಿನಾಗ ಬೂದಿ, ಹೊಟ್ಟು ಹಾಸಿ, ಹಿಕ್ಕಿ ತಗದು ದಿನಾ ಗೊಬ್ಬರದ ಗುಂಡಿಗೆ ಹಾಕಬೇಕು. ಮುಟ್ಟಿದಮ್ಯಾಲ ಸಾಬೂನು ಹಚ್ಚಿ ಕೈ ತೊಳೀಬೇಕು. ಕೋಳಿ ಜಡ್ಡು ಬಿದ್ರ ಕೊಯ್ಯಬಾರದು, ಸಂತಿಗೆ ಒಯ್ಯಬಾರದು, ಪಶು ಆಸ್ಪತ್ರಿಗೆ ಜಲ್ದಿ ಖಬರ ಕೊಡಬೇಕು.”

“ಇದನ್ನೆಲ್ಲ ಈಕಿ ಮಾಡ್ತಾಳೇನು?”

“ಮಾಡ್ತೀನಿ,” ಎಂದಳು ಶಮಶಾದಬಿ. “ಸೂಜಿನೂ ಹಾಕಸ್ತೀನಿ.”

ಉಡಚಪ್ಪ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಸೇರಿಸಿದ. “ಒಂದು ತಿಂಗಳು ನೋಡ್ತೀನಿ. ಗಟಾರದಾಗ ಒಂದು ಕೋಳಿ ಪುಚ್ಚ ಕಂಡ್ರೂ ಇದು ಹೊರಗ ಬರ್ತೈತಿ.”

ಗುರುವಾರ ಬಿಸಿಲೇರುವ ಮೊದಲೇ ಸೀಮಾ ಬರ್ಫದ ಡಬ್ಬಿಯಲ್ಲಿ ಲಸಿಕೆ ತಂದಳು. ಬುಟ್ಟಿ, ಚೀಲ, ಕಂಕುಳು, ಹೀಗೆ ಸಿಕ್ಕಿದ್ದರಲ್ಲಿ ಕೋಳಿಗಳು ಕಟ್ಟೆಗೆ ಬಂದವು. ಎಣಿಸಿದರೆ ತೊಂಬತ್ತೊಂದು. ಐದನ್ನು ಉಡಚಪ್ಪನೇ ಹಿಡಿದುಕೊಂಡು ಬಂದಿದ್ದ, ಹಿಡಿಯಲು ಬಾರದೆ ಕೈಯೆಲ್ಲ ಪರಚಿಸಿಕೊಂಡು.

ಓದುವ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ನಿಮ್ಮ ಓಣಿಯಲ್ಲೂ ಕೋಳಿಗಾಗಿ ಜಗಳ ನಡೆದಿರಬಹುದು. ಅರ್ಜಿ ಬರೆಯುವ ಮೊದಲು ಒಮ್ಮೆ ಕೂತು ಮಾತಾಡಿ. ಸಾಕುವವರು ಗೂಡು ಚೊಕ್ಕ ಇಡಿ, ಸತ್ತದ್ದನ್ನು ಹೂಳಿ, ನೆರೆಯವರ ದೂರನ್ನು ಕಿವಿಗೊಟ್ಟು ಕೇಳಿ. ನಾಳೆಯೇ ನಿಮ್ಮ ಪಶುಸಖಿಯನ್ನೋ ಹತ್ತಿರದ ಪಶು ಆಸ್ಪತ್ರೆಯನ್ನೋ ಕೇಳಿ, ಲಸಿಕೆಯ ದಿನ ಗೊತ್ತುಮಾಡಿ. ಒಬ್ಬರೇ ಹೋಗಬೇಡಿ. ಪಕ್ಕದ ಮನೆಯ ಬಾಗಿಲು ಬಡಿದು, ಅವರ ಕೋಳಿಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ.